ಸೋಸಿ ಉಳಿದ ಹಣ್ಣು

ಬಾದಾಮಿ
೯ ಜೂನ್ ೨೦೨೪

ತಮ್ಮ ವೀರೇಶನಿಗೆ,

ಅಕ್ಕ ಮಹಾನಂದಾ ಬರೆಯುತ್ತಿದ್ದೇನೆ. ಮಗಳನ್ನು ಸಾಲಿಗೆ ಕಳಿಸುವ ವಯಸ್ಸಿನ ನಿನಗೆ, ಹಾಸ್ಟೆಲ್ ಹುಡುಗನಿಗೆ ಬರೆದ ಹಾಗೆ ಕಾಗದ ಬರೆಯುವ ಕಾಲ ಬಂತಲ್ಲ! ಕುಡಿತ ಬಿಡಿಸುವ ಆ ಕೇಂದ್ರದವರು ಫೋನು ಕಸಿದುಕೊಂಡರು, ಭೇಟಿಗೂ ಬಿಡುವುದಿಲ್ಲ ಅಂದರು, ಬಟ್ಟೆಬರೆ ಇದ್ದರೆ ಗೇಟಿನಲ್ಲಿ ಕೊಟ್ಟು ಹೋಗಿ ಅಂದರು. ಒಳ್ಳೆಯದೇ ಆಯಿತು. ಎದುರಿಗೆ ಸಿಕ್ಕರೆ ಹೊಟ್ಟೆ ತುಂಬ ಬೈಯುತ್ತಿದ್ದೆ. ಕಾಗದದಲ್ಲಿ ಅಷ್ಟೂ ಬೈಯಲು ಹೋದರೆ ಕೈ ನೋಯುತ್ತದೆ.

ಬಿಟ್ಟು ಬರುವಾಗ ನೀನು ತಿರುಗಿ ಸಹ ನೋಡಲಿಲ್ಲ. ಸಿಟ್ಟೋ ನಾಚಿಕೆಯೋ ಶಿವನೇ ಬಲ್ಲ. ಸಿಟ್ಟಾದರೆ ಇಟ್ಟುಕೋ, ನನಗೇನೂ ಬೇಜಾರಿಲ್ಲ. ಅವ್ವ ಹೋದಾಗ ನೀನು ಇಷ್ಟೆತ್ತರ ಇದ್ದೆ. ಗಂಡ ಸತ್ತ ಮೇಲೆ ಇಳಕಲ್ಲಿನ ಮಗ್ಗ ಬಿಟ್ಟು ಬಂದು ನಿನ್ನನ್ನು ಬೆಳೆಸಿದ್ದು ರಸ್ತೆಯ ಮೇಲೆ ಬಿದ್ದಿರಲಿ ಅಂತಲ್ಲ.

ಹುನಗುಂದದಿಂದ ಪ್ರಿಯದರ್ಶಿನಿ ಫೋನ್ ಮಾಡಿದ್ದಳು. "ಅಕ್ಕಾರ, ಅವರು ಕೋರ್ಸ್ ಪೂರಾ ಮುಗಿಸಿ ಬಂದ್ರ ಪಂಚಮಿ ಹಬ್ಬಕ್ಕ ಮಗಳ್ನ ಕರ್ಕೊಂಡು ಬರ್ತೇನಿ. ನಡುವ ಒಂದ ಸಲ ತಪ್ಪಿದ್ರೂ ನಾ ಆ ಹೊಸ್ತಿಲ ದಾಟೂದಿಲ್ಲ ನೋಡ್ರಿ" ಅಂದಳು. ನಿನ್ನ ಹೆಂಡತಿಯ ಬಾಯಿ ಖಾರ, ಆದರೆ ಈ ಮಾತು ಖರೆ ಇದೆ. ಪಂಚಮಿಯ ತನಕ ಹಲ್ಲು ಕಚ್ಚಿಕೊಂಡು ಇರು. ಇಷ್ಟೇ ನಾನು ಕೇಳುವುದು.

ನಾನು ಖಾಲಿ ಕೂತಿಲ್ಲ. ಊರ ಹೊರಗೆ ಹುಬ್ಬಳ್ಳಿಯ ರೋಹಿಣಿ ಮೇಡಂ ಹೋಂಸ್ಟೇ ನಡೆಸುತ್ತಾರಲ್ಲ, ಅಲ್ಲಿ ಅಡುಗೆಗೆ ಹೋಗುತ್ತಿದ್ದೇನೆ. ರೊಟ್ಟಿ, ಎಣಗಾಯಿ, ಜುಣಕ. ಬಂದವರಿಗೆ ಹಣ್ಣಿನ ಶರಬತ್ತನ್ನೂ ಮಾಡಿಕೊಡುತ್ತೇನೆ. ಎಲ್ಲರೂ ಹೊಗಳುತ್ತಾರೆ.

ಹೊಟ್ಟೆ ತುಂಬ ಉಣ್ಣು. ಕಾಗದ ಬರೆ.

ಅಕ್ಕ

&nbsp;

ಬಾಗಲಕೋಟೆ
೧೭ ಜೂನ್ ೨೦೨೪

ಅಕ್ಕನಿಗೆ ನಮಸ್ಕಾರ.

ತಿರುಗಿ ನೋಡಿದ್ದರೆ ಅತ್ತುಬಿಡುತ್ತಿದ್ದೆ, ಅದಕ್ಕೆ ನೋಡಲಿಲ್ಲ. ಸಿಟ್ಟಿಲ್ಲ.

ಮೊದಲ ವಾರದ ಸುದ್ದಿ ಬರೆಯುವುದಿಲ್ಲ, ನೀನು ಕೇಳಲೂ ಬೇಡ. ಈಗ ಕೈ ನಡುಗುವುದು ನಿಂತಿದೆ. ಇಲ್ಲಿಯ ಕೆಟ್ಟ ಫ್ಯಾನಿನ ಮೋಟರು ಬಿಚ್ಚಿ ಹೊಸದಾಗಿ ತಂತಿ ಸುತ್ತಿದೆ. ತಿರುಗಿತು. ಎಲ್ಲರೂ ಚಪ್ಪಾಳೆ ಹೊಡೆದರು, ನನಗೆ ಅಳು ಬಂತು. ಇಲ್ಲಿ ಎಲ್ಲದಕ್ಕೂ ಅಳು ಬರುತ್ತದೆ ಅಕ್ಕಾ. ಪಕ್ಕದ ಮಂಚದಲ್ಲಿ ಕೆರೂರಿನ ಬೀರಲಿಂಗಪ್ಪ ಅಂತ ಹಿರಿಯರಿದ್ದಾರೆ. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದವರು. "ತಮ್ಮಾ, ಬಿಡೂದು ದೊಡ್ಡದಲ್ಲ, ಬಿಟ್ಟ ಮ್ಯಾಲ ಮನಿಗೆ ಹೋಗೂದು ದೊಡ್ಡದು" ಅನ್ನುತ್ತಾರೆ.

ಆ ಮನೆಯ ಮಾತೇ ನಿನ್ನನ್ನು ಕೇಳಬೇಕಿತ್ತು. ನಿನ್ನೆ ಗೆಳೆಯ ಅಫ್ಜಲ ಬಟ್ಟೆ ಕೊಡಲು ಬಂದಿದ್ದ. ಗೇಟಿನ ಆಚೆ ಅವನು, ಈಚೆ ನಾನು. ಬಾಯಿ ಜಾರಿ ಅಂದುಬಿಟ್ಟ, ನಮ್ಮ ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಬಾಟಲಿ ನೋಡಿದೆ ಅಂತ. ಆಮೇಲೆ "ಎಣ್ಣಿದು ಇರಬೇಕು ಬಿಡಲೇ" ಅಂತ ತೇಪೆ ಹಾಕಿದ. ಸಣ್ಣಂದಿನಿಂದ ಅವನನ್ನು ನೋಡಿದ್ದೇನೆ, ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತವೆ.

ಶರಬತ್ತಿಗೆ ಏನು ಹಾಕುತ್ತಿ ಅಕ್ಕಾ?

ಬೈಯುತ್ತಿಲ್ಲ. ನಿನ್ನನ್ನು ಬೈಯುವ ಮುಖ ನನಗೆಲ್ಲಿದೆ? ಇಲ್ಲಿ ಕಣ್ಣು ಮುಚ್ಚಿದರೆ ನಮ್ಮ ಅಡುಗೆಮನೆ ಬರುತ್ತಿತ್ತು, ನೀನು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ನಿನ್ನೆಯಿಂದ ಬರೀ ಆ ಮಾಡು ಕಾಣುತ್ತಿದೆ. ಹೆದರಿಕೆಯಾಗುತ್ತದೆ.

ವೀರೇಶ

&nbsp;

ಬಾದಾಮಿ
೨೪ ಜೂನ್ ೨೦೨೪

ವೀರೇಶ,

ಹೌದು, ವೋಡ್ಕಾ. ಸಮಾಧಾನ ಆಯಿತೇನು? ಆ ಅಫ್ಜಲನಿಗೆ ಚಹಾ ಕೊಡಬಾರದಿತ್ತು. ಚಹಾ ಕುಡಿಯುವವನು ಮಾಡು ಯಾಕೆ ನೋಡಬೇಕು?

ಮುಚ್ಚಿಡಬೇಕು ಅಂತ ಮುಚ್ಚಿಡಲಿಲ್ಲ. ನಿನಗೆ ಹೇಳಿ ನಿನ್ನ ಬಾಯಲ್ಲಿ ನೀರು ಯಾಕೆ ತರಿಸಲಿ ಅಂತ ಸುಮ್ಮನಿದ್ದೆ. ಈಗ ಕೇಳಿದ್ದೀಯ, ಪೂರ್ತಿ ಕೇಳು.

ಪುಣೆಯ ಕಡೆಯ ಹುಡುಗಿಯರು ಬರುವ ಮೂರು ವಾರ ಮೊದಲೇ ಬೆರ್ರಿ ಹಣ್ಣಿನ ಕಾಕ್‌ಟೇಲ್ ಬೇಕು ಅಂತ ಹೇಳಿಟ್ಟಿದ್ದರು. ಮೇಡಂ ಫೋನಿನಲ್ಲಿ ಚಿತ್ರ ತೋರಿಸಿದರು, ಕೆಂಪಗೆ, ನೀಲಿಗೆ, ಗುಂಡುಗುಂಡಗೆ. "ಇವ್ನ ಬಾದಾಮಿಯೊಳಗ ಎಲ್ಲಿ ತರ್ಲಿ ಮೇಡಂ? ನಮ್ಮ ಗುಡ್ಡದ ಕವಳಿ ಹಣ್ಣ ಐತಿ, ಅದರಾಗ ಮಾಡೂಣು" ಅಂದೆ. ಕಪ್ಪಗೆ ಹಣ್ಣಾದ ಕವಳಿ ಆರಿಸಿ, ತೊಳೆದು, ಬಟ್ಟೆಯ ಮೇಲೆ ಹರವಿ ಒಣಗಿಸಿದೆ. ಉಪ್ಪಿನಕಾಯಿಯ ಹಾಗೆಯೇ, ನೀರಿನ ಪಸೆ ಇರಬಾರದು. ಒಂದೊಂದನ್ನೇ ಸೀಳಿ ಸಕ್ಕರೆ ಹಾಕಿ ಅವ್ವನ ಭರಣಿಗೆ ತುಂಬಿ, ಹಣ್ಣು ಮುಳುಗುವಷ್ಟು ವೋಡ್ಕಾ ಸುರಿದು, ಬಾಯಿಗೆ ಬಟ್ಟೆ ಕಟ್ಟಿದೆ. ದಿನಾ ಒಮ್ಮೆ ಅಲುಗಾಡಿಸುವುದು. ವಾರ ಕಳೆದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸೋಸುವುದು. ಗ್ಲಾಸಿಗೆ ಐಸು, ಅದರ ಮೇಲೆ ಇದು, ನಿಂಬೆರಸ, ಸೋಡಾ, ನಾಲ್ಕು ಪುದೀನ ಎಲೆ. ಬಣ್ಣ ನೋಡಬೇಕು ನೀನು! ಇಳಕಲ್ಲಿನಲ್ಲಿ ಸೆರಗಿಗೆ ಹಾಕುತ್ತಿದ್ದೆನಲ್ಲ, ಅದೇ ಕೆಂಪು. ಆ ಹುಡುಗಿಯರು ನನ್ನನ್ನು ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು. ನನ್ನ ಕೈಯ ಕೆಲಸವನ್ನು ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ ಏನೋ.

ನಮ್ಮ ಮನೆಯಲ್ಲಿ ಯಾಕೆ ಅಂತ ಕೇಳುತ್ತಿ. ಹೋಂಸ್ಟೇ ಅಡುಗೆಮನೆಗೆ ಮಂಗ್ಯಾಗಳ ಕಾಟ. ಮೊದಲ ಸಲ ಅಲ್ಲಿಟ್ಟ ಮೇಡಂ ಅವರ ಭರಣಿಯನ್ನು ಕಿಟಕಿಯಿಂದ ಎಳೆದು ಒಡೆದುಹಾಕಿದವು. ಅದಕ್ಕೇ ಮೇಡಂ ನಿಮ್ಮ ಮನೆಯಲ್ಲೇ ಇಡಿ ಅಂದರು.

ಲಿಂಗ ಮುಟ್ಟಿ ಹೇಳುತ್ತೇನೆ, ಒಂದು ಹನಿ ನಾಲಿಗೆಗೆ ಹಚ್ಚಿಲ್ಲ. ರುಚಿ ನೋಡುವವರು ಮೇಡಂ, ಬಣ್ಣ ನೋಡುವವಳು ನಾನು.

ಸೋಸಿದ ಮೇಲೆ ಹಣ್ಣು ಉಳಿಯಿತಲ್ಲ, ಮೇಡಂ "ಚೆಲ್ಲಿಬಿಡಿ" ಅಂದರು. ಚೆಲ್ಲುವುದಂತೆ! ಬಂಗಾರದಂಥ ಹಣ್ಣು. ಸೆರೆಯೆಲ್ಲ ಸೋಸಿ ಬಾಟಲಿಗೆ ಇಳಿಯಿತು, ಇನ್ನು ಅದರಲ್ಲಿ ಏನಿದೆ? ಹುಣಸೆಹಣ್ಣು ಹಿಂಡಿದ ಮೇಲೆ ಚರಟ ಉಳಿದ ಹಾಗೆ. ಬೆಲ್ಲ ಕುಟ್ಟಿ ಹಾಕಿ, ಏಲಕ್ಕಿ, ಒಣಶುಂಠಿ ಸೇರಿಸಿ ಗುಳಂಬ ಮಾಡಿದೆ. ಹಣ್ಣು ಆಗಲೇ ಮೆತ್ತಗಾಗಿತ್ತು, ಒಲೆಯ ಮೇಲೆ ಇಡಲೂ ಇಲ್ಲ. ಶುಂಠಿ ಕೊಂಚ ಜಾಸ್ತಿ ಬಿದ್ದಿದೆ, ಗಂಟಲಿಗೆ ಚುರುಚುರು ಅನ್ನುತ್ತದೆ. ಆದರೆ ಏನು ರುಚಿ ಅಂತಿ! ಚಪಾತಿಗೆ ಹಚ್ಚಿಕೊಂಡು ತಿಂದು ಮಲಗಿದೆ. ನೀನು ಹೋದಂದಿನಿಂದ ಬಾರದ ನಿದ್ದೆ ಬಂತು.

ನಿನಗೂ ಒಂದು ಡಬ್ಬಿ ಅಫ್ಜಲನ ಕೈಯಲ್ಲಿ ಕಳಿಸಿದ್ದೇನೆ. ಅಲ್ಲಿಯ ಸಪ್ಪೆ ಊಟಕ್ಕೆ ಬಾಯಿಗೆ ಹಿತವಾಗಲಿ. ಆ ಬೀರಲಿಂಗಪ್ಪನವರಿಗೂ ಕೊಡು.

ಅಕ್ಕ

&nbsp;

ಬಾಗಲಕೋಟೆ
೨ ಜುಲೈ ೨೦೨೪

ಅಕ್ಕಾ,

ಡಬ್ಬಿ ಮುಟ್ಟಿತು. ಗೇಟಿನವರು ತೆಗೆದು ನೋಡಿ "ಗುಳಂಬ ಐತಿ, ಒಯ್ಯಿ" ಅಂದರು. ಚಲೋ ಇತ್ತು. ಬೀರಲಿಂಗಪ್ಪನವರೂ ತಿಂದರು.

ಇನ್ನು ಕಳಿಸಬೇಡ. ಇಲ್ಲಿ ಸಿಹಿ ಜಾಸ್ತಿ ತಿನ್ನಬಾರದು ಅನ್ನುತ್ತಾರೆ.

ನೀನೂ ಅಷ್ಟೊಂದು ತಿನ್ನಬೇಡ. ನಿನಗೂ ವಯಸ್ಸಾಯಿತು, ಸಕ್ಕರೆ ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ. ಉಳಿದದ್ದನ್ನು ಚೆಲ್ಲಿಬಿಡು. ಮೇಡಂ ಹೇಳಿದ್ದೇ ಸರಿ.

ಕೆಲಸ ಬಹಳ ಇದೆ. ಮತ್ತೆ ಬರೆಯುತ್ತೇನೆ.

ವೀರೇಶ

&nbsp;

ಬಾದಾಮಿ
೧೧ ಜುಲೈ ೨೦೨೪

ವೀರಣ್ಣ ಸಾಹೇಬರಿಗೆ,

ಏನಪ್ಪಾ, ಅಕ್ಕನ ಕೈಯ ಗುಳಂಬ ಈಗ ಬೇಡವಾಯಿತು! ಸಿಹಿ ತಿನ್ನಬಾರದಂತೆ. ಇಷ್ಟು ವರ್ಷ ಏನೇನು ಕುಡಿದಿ, ಆಗ ಬಾರದ ರೋಗ ಈಗ ನನ್ನ ಒಂದು ಚಮಚ ಬೆಲ್ಲಕ್ಕೆ ಬರುತ್ತದೇನು? ಇದು ನಿನ್ನ ಮಾತಲ್ಲ, ನಿನ್ನ ಹೆಂಡತಿ ಬರೆದು ಕಳಿಸಿರಬೇಕು. ಮೊದಲಿನಿಂದಲೂ ನನ್ನ ಅಡುಗೆ ಅವಳಿಗೆ ಆಗುವುದಿಲ್ಲ. ಇರಲಿ ಬಿಡು. ಉಳಿದರೆ ನನಗೇ ಉಳಿಯಿತು.

ಇಲ್ಲಿ ಮಳೆ ಚಲೋ ಆಗಿದೆ. ಅಕ್ಕ-ತಂಗಿ ಜಲಪಾತ ಧುಮುಕುತ್ತಿದೆ, ಜನರೋ ಜನರು. ಕವಳಿ ಮುಗಿಯುತ್ತ ಬಂತು, ಈಗ ನೇರಳೆ ಹಣ್ಣು ಹಾಕಿದ್ದೇನೆ. ಮೇಡಂ "ಇಷ್ಟೊಂದ ಯಾಕ ಹಾಕ್ತೀರಿ, ಗೆಸ್ಟ್ ಇಲ್ಲಲಾ" ಅಂದರು. ನಾನು ಬರುವ ವಾರಕ್ಕೆ ಬೇಕಾಗುತ್ತದೆ ಅಂದೆ. ಈ ನಡುವೆ ಅವರ ಮುಖ ಗಂಟು. ಮೊನ್ನೆ ಒಂದು ದಿನ ಬೆಳಿಗ್ಗೆ ತಡವಾಗಿ ಹೋದೆ, ಅದಕ್ಕೆ ಅಷ್ಟು ಮಾತು. ಹಾಲು ಉಕ್ಕಿ ಪಾತೆಲಿ ಸುಟ್ಟಿತು, ಅದಕ್ಕೆ ಮತ್ತಷ್ಟು ಮಾತು. ಯಾರ ಕೈಯಲ್ಲಿ ಹಾಲು ಉಕ್ಕುವುದಿಲ್ಲ?

ನಾನು ಚಲೋ ಇದ್ದೇನೆ. ರಾತ್ರಿ ಉಂಡಾದ ಮೇಲೆ ಒಂದು ಬಟ್ಟಲು ಗುಳಂಬ ತಿಂದರೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗುತ್ತದೆ. ಶುಂಠಿ ಇದೆ ನೋಡು, ಔಷಧ ಅದು. ಅವ್ವನ ನೆನಪಾಗುತ್ತದೆ, ನಗು ಬರುತ್ತದೆ. ನಿನ್ನೆ ಒಬ್ಬಳೇ ಕೂತು ನಕ್ಕೆ ಅಂದರೆ ನೀನು ನಂಬುವುದಿಲ್ಲ. ಈ ಕಾಗದವನ್ನೂ ತಿಂದೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ.

ಪಂಚಮಿ ಹತ್ತಿರ ಬಂತು ವೀರೂ. ಜೋಕಾಲಿಗೆ ಹಗ್ಗ ತಂದಿಟ್ಟಿದ್ದೇನೆ, ನಿನ್ನ ಮಗಳಿಗೆ.

ಅಕ್ಕ

&nbsp;

ಬಾಗಲಕೋಟೆ
೨೪ ಜುಲೈ ೨೦೨೪

ಅಕ್ಕಾ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ.

ಹೋದ ವಾರ ಕೇಂದ್ರದ ಗೋಡೆ ಹಾರಿ ಹೋಗಿ ಕುಡಿದೆ. ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆನಂತೆ, ಅವರೇ ಎತ್ತಿಕೊಂಡು ಬಂದರು. ಹೊರಗೆ ಹಾಕಲಿಲ್ಲ, ಅದು ಅವರ ದೊಡ್ಡ ಮನಸ್ಸು. ಆದರೆ ಕೋರ್ಸ್ ಮತ್ತೆ ಮೊದಲಿನಿಂದ. ಪಂಚಮಿಗೆ ಬಿಡುವುದಿಲ್ಲ. ಪ್ರಿಯದರ್ಶಿನಿಗೆ ಡಾಕ್ಟರು ಫೋನ್ ಮಾಡಿ ಹೇಳಿದರು. ಅವಳು ಅಷ್ಟು ಕೇಳಿ ಫೋನ್ ಇಟ್ಟಳಂತೆ.

ಕಾರಣ ಏನೂ ಇಲ್ಲ. ಬುದ್ಧಿ ಕೆಟ್ಟಿತು, ಅಷ್ಟೇ. ತಪ್ಪು ನನ್ನದು.

ಜೋಕಾಲಿ ಹಗ್ಗ ಎತ್ತಿಡು.

ವೀರೇಶ

&nbsp;

ಬಾದಾಮಿ
೨೭ ಜುಲೈ ೨೦೨೪

ನಿನ್ನ ಹೆಸರು ಬರೆಯಲೂ ಕೈ ಒಲ್ಲದು.

ನಾಯಿ ಬಾಲ ನಳಿಕೆಯಲ್ಲಿಟ್ಟರೂ ಡೊಂಕೇ ಅಂತ ಸಣ್ಣವನಿದ್ದಾಗಲೇ ನಿನ್ನ ಹಟ ನೋಡಿ ಅವ್ವ ಹೇಳುತ್ತಿದ್ದಳು, ನಾನು ಅವಳ ಜೊತೆ ಜಗಳ ಮಾಡುತ್ತಿದ್ದೆ. ನನ್ನ ತಮ್ಮ ಹಾಗಲ್ಲ ಅಂತ. ಈಗ ಅವಳ ಫೋಟೋದ ಮುಂದೆ ನಿಲ್ಲಲು ನಾಚಿಕೆ. ಗೋಡೆ ಹಾರಿದನಂತೆ! ಹೆಂಡತಿ ಬೇಡ, ಕೂಸು ಬೇಡ, ಅಕ್ಕ ಬೇಡ, ಆ ಹೇಸಿಗೆ ಒಂದೇ ಬೇಕು. ಏನು ಕಡಿಮೆ ಮಾಡಿದ್ದೆನೋ ನಿನಗೆ? ಪ್ರಿಯದರ್ಶಿನಿಗೆ ಫೋನ್ ಹಚ್ಚಿದರೆ ಎತ್ತುತ್ತಿಲ್ಲ. ಎತ್ತಿ ಏನು ಕೇಳಬೇಕು ಅವಳು? ನಿನ್ನಂಥವನ ಅಕ್ಕನ ದನಿಯನ್ನೇ?

ಕಾರಣ ಏನೂ ಇಲ್ಲ ಅಂತ ಬರೆಯುತ್ತಿ, ಅಷ್ಟು ಸಲೀಸಾಗಿ! ನನ್ನ ಮನೆಯಲ್ಲಿ ತಿಂಗಳಿಂದ ಬಾಟಲಿ ಇದೆ. ಕೈಗೆ ಸಿಗುವ ಹಾಗೆ ಇದೆ. ನಾನು ಮುಟ್ಟಿದೆನೇನು? ಮನುಷ್ಯನಿಗೆ ಒಂದು ಬಿಗಿ ಇರಬೇಕು. ನಿನಗೆ ಅದು ಹುಟ್ಟಿದಾಗಿನಿಂದ ಇಲ್ಲ.

ನಾಳೆಯಿಂದ ನನಗೆ ತಮ್ಮನಿಲ್ಲ. ಕಾಗದ ಬರೆಯಬೇಡ.

ರೋಹಿಣಿ ಮೇಡಂ ಇನ್ನು ಬರಬೇಡಿ ಅಂದಿದ್ದಾರೆ. ಅದಕ್ಕೂ ನೀನೇ ಕಾರಣ. ನಿನ್ನ ಚಿಂತೆಯಲ್ಲಿ ನನಗೆ ಕೈಕಾಲು ಆಡುವುದಿಲ್ಲ. ಹಗಲು ಹೊತ್ತೂ ಎರಡು ಚಮಚ ಗುಳಂಬ ಬಾಯಿಗೆ ಹಾಕಿಕೊಳ್ಳದಿದ್ದರೆ ಒಲೆಯ ಮುಂದೆ ಕೂಡಲು ಆಗುವುದಿಲ್ಲ. ಬೆರಳು ನಡುಗುತ್ತವೆ. ಅಷ್ಟರಮಟ್ಟಿಗೆ ನನ್ನನ್ನು ತಂದಿಟ್ಟಿದ್ದೀಯ.

ಮಹಾನಂದಾ

&nbsp;

ಬಾಗಲಕೋಟೆ
೧ ಆಗಸ್ಟ್ ೨೦೨೪

ಅಕ್ಕಾ,

ಬರೆಯಬೇಡ ಅಂದಿ. ಇದೊಂದನ್ನು ಓದು, ಆಮೇಲೆ ಹರಿದು ಒಲೆಗೆ ಹಾಕು.

ನೀನು ಬೈದದ್ದೆಲ್ಲ ಸರಿ. ಕಡಿಮೆಯೇ ಬೈದಿ. ಕೊನೆಯ ನಾಲ್ಕು ಸಾಲು ಇಲ್ಲದಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆ. ಅವನ್ನು ಓದಿ ಬೀರಲಿಂಗಪ್ಪನವರ ಮುಂದೆ ಹಿಡಿದೆ. ಅವರು ಓದಿ, ಮಡಚಿ ಕೈಗೆ ಕೊಟ್ಟು "ಹೇಳು ತಮ್ಮಾ. ಆಕಿಗೆ ನೋವಾಗ್ತದ, ಆಗ್ಲಿ. ಹೇಳಲಿಲ್ಲಂದ್ರ ಇನ್ನೂ ಕೆಟ್ಟದ್ದಾಗ್ತದ" ಅಂದರು.

ಅಕ್ಕಾ, ಆ ಗುಳಂಬದಲ್ಲಿ ಸೆರೆ ಇದೆ. ಶುಂಠಿಯ ಚುರುಕಲ್ಲ ಅದು. ಹುಣಸೆಹಣ್ಣು ಹಿಂಡಿದ ಹಾಗೆ ಅಂದಿದ್ದಿ. ಹಾಗಲ್ಲ. ಉಪ್ಪಿನಕಾಯಿಯ ರಸ ಬಸಿದರೆ ಹೋಳಿನ ಉಪ್ಪು ಹೋಗುತ್ತದೇನು? ವಾರವಿಡೀ ವೋಡ್ಕಾದಲ್ಲಿ ಮುಳುಗಿದ ಹಣ್ಣು ಅದನ್ನು ಕುಡಿದು ಕೂತಿರುತ್ತದೆ. ವೋಡ್ಕಾಕ್ಕೆ ವಾಸನೆ ಇಲ್ಲ, ನಿನಗೆ ತಿಳಿಯಲಿಲ್ಲ. ನಾನು ಕುಡಿದು ಬಂದಾಗ ಬರುತ್ತಿದ್ದ ನಾತವನ್ನೇ ನೀನು ಸೆರೆ ಅಂತ ತಿಳಿದಿದ್ದಿ.

ಡಬ್ಬಿ ತೆಗೆದು ಒಂದು ಚಮಚ ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು. ಬೀರಲಿಂಗಪ್ಪನವರು ನನ್ನ ಮುಖ ನೋಡಿಯೇ ತಿಳಿದು ಡಬ್ಬಿ ದೂರ ಸರಿಸಿದರು. "ಇದು ಗುಳಂಬ ಅಲ್ಲ, ಮುಚ್ಚಿ ಆಫೀಸಿಗೆ ಕೊಟ್ಟ ಬಾ" ಅಂದರು. ಅವರೂ ತಿಂದರು ಅಂತ ನಿನಗೆ ಬರೆದದ್ದು ಸುಳ್ಳು. ನಾನು ಆಫೀಸಿಗೆ ಕೊಡಲಿಲ್ಲ. ಹಾಸಿಗೆಯಲ್ಲಿ ಕೂತು ಅಷ್ಟೂ ತಿಂದೆ, ಡಬ್ಬಿ ನೆಕ್ಕಿದೆ. ಆಮೇಲೆ ಮೈ ಕೇಳಲಿಲ್ಲ. ಎರಡು ವಾರ ಹಿಡಿದುಕೊಂಡೆ, ಆಮೇಲೆ ಗೋಡೆ.

ಆ ಮೊದಲ ಚಮಚ ಮಾತ್ರ ನಿನ್ನಿಂದ ಬಂತು. ಉಳಿದದ್ದು ನಾನು ತಿಳಿದೂ ತಿಂದದ್ದು. ಅದನ್ನು ನೀನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ. ಹೊತ್ತುಕೊಳ್ಳುತ್ತಿ ಅಂತ ಗೊತ್ತಿದ್ದೇ ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ಇಲ್ಲ, ಪ್ರಿಯಾಗೂ ಇಲ್ಲ.

ಆದರೆ ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದೆ. ನಿದ್ದೆ ಬರುತ್ತದೆ, ಔಷಧ ಇದ್ದಂತೆ, ಒಂದು ಬಟ್ಟಲು ಅಷ್ಟೇ, ಅವರಿಗೆ ನನ್ನ ಮೇಲೆ ಸಿಟ್ಟು, ಎಲ್ಲದಕ್ಕೂ ನೀನೇ ಕಾರಣ. ಈ ಒಂದೊಂದು ಮಾತನ್ನೂ ನಾನು ನಿನಗೆ ಹೇಳಿದ್ದೇನೆ ಅಕ್ಕಾ, ಅದೇ ಅಡುಗೆಮನೆಯಲ್ಲಿ ನಿಂತು. ಬೆರಳು ನಡುಗುವುದು ನನ್ನ ಚಿಂತೆಯಿಂದಲ್ಲ.

ಅವ್ವನ ಆಣೆ ಇದೆ. ಗುಳಂಬದ ಭರಣಿ ಚೆಲ್ಲು. ಈಗಲೇ ಚೆಲ್ಲು.

ನಿನ್ನ ವೀರೂ

&nbsp;

ಬಾದಾಮಿ
೭ ಆಗಸ್ಟ್ ೨೦೨೪

ವೀರೂ,

ನಿನ್ನ ಕಾಗದ ಸೋಮವಾರ ಬಂತು. ಓದಿ ಮೊದಲು ನಿನಗೆ ಬೈದೆ, ಜೋರಾಗಿಯೇ ಬೈದೆ, ಗೋಡೆಯ ಆಚೆಯವರಿಗೆ ಕೇಳುವ ಹಾಗೆ. ಸುಳ್ಳುಗಾರ, ತನ್ನ ತಪ್ಪನ್ನು ಅಕ್ಕನ ಸೆರಗಿಗೆ ಒರೆಸುತ್ತಾನೆ ಅಂದೆ. ಆಮೇಲೆ ರೋಹಿಣಿ ಮೇಡಂಗೆ ಫೋನ್ ಮಾಡಿ ಕೇಳಿದೆ. "ಅದಕ್ಕ ಚೆಲ್ಲರಿ ಅಂದಿದ್ದೆ ಮಹಾನಂದಕ್ಕಾ. ನೀವು ತಿಂತಿದ್ರೇನು?" ಅಂದರು. ನಾನು ಫೋನ್ ಇಟ್ಟೆ.

ನನ್ನ ತಮ್ಮನಿಗೆ ನಾನೇ ಕೈಯಾರೆ ಉಣ್ಣಿಸಿದೆ. ನೀನು ಹೊತ್ತುಕೊಳ್ಳಬೇಡ ಅಂದರೆ ಆಯಿತೇನು? ಅಯ್ಯೋ ಶಿವನೇ, ಡಬ್ಬಿಯ ಮುಚ್ಚಳಕ್ಕೆ ಸೋರಬಾರದು ಅಂತ ಬಟ್ಟೆ ಸುತ್ತಿ ಕಳಿಸಿದ್ದೆ.

ಗುಳಂಬದ ಭರಣಿಯನ್ನು ಬಚ್ಚಲಿಗೆ ಒಯ್ದೆ. ಬಾಯಿ ಬಿಚ್ಚಿದೆ. ಆಮೇಲೆ ಅಂದುಕೊಂಡೆ, ಮೊದಲು ಹುನಗುಂದಕ್ಕೆ ಹೋಗಿ ಪ್ರಿಯದರ್ಶಿನಿಗೆ ಖರೆ ಸಂಗತಿ ಹೇಳಿ ಬರುತ್ತೇನೆ, ಚೆಲ್ಲುವುದು ಎಲ್ಲಿಗೆ ಓಡಿ ಹೋಗುತ್ತದೆ ಅಂತ. ನಿನ್ನೆ ಮುಂಜಾನೆ ಬಸ್ಸಿಗೆ ಹೊರಟೆ. ಚಪ್ಪಲಿ ಮೆಟ್ಟಿದವಳು ಬಾಗಿಲಿಂದ ಒಳಗೆ ಬಂದೆ. ಅವಳ ಮುಂದೆ ನಿಂತು ಹೇಳಲು ಧೈರ್ಯ ಬೇಕಲ್ಲ. ಒಂದು ಬಟ್ಟಲು ತಿಂದೆ. ಏನು ಅಂತ ಗೊತ್ತಿದ್ದೂ ತಿಂದೆ.

ಹುನಗುಂದದಲ್ಲಿ ಪ್ರಿಯದರ್ಶಿನಿ ಬಾಗಿಲಿಗೆ ಬಂದಳು. ಮಗಳು "ಅತ್ತಿ ಬಂದ್ಲು" ಅಂತ ಓಡಿ ಬಂತು. ನಾನು ಬಾಯಿ ಬಿಟ್ಟು "ಪ್ರಿಯಾ, ವೀರೂಂದು ತಪ್ಪಿಲ್ಲವಾ, ನಂದು ತಪ್ಪು" ಅಂದೆ. ಆಕೆ ಮಾತು ಕೇಳಲಿಲ್ಲ ವೀರೂ. ನನ್ನ ಮುಖದ ಹತ್ತಿರ ಒಂದು ಗಳಿಗೆ ನಿಂತಳು. ವೋಡ್ಕಾಕ್ಕೆ ವಾಸನೆ ಇಲ್ಲ ಅಂತ ನೀನು ಬರೆದಿದ್ದಿ. ನಿನ್ನ ಜೊತೆ ಎಂಟು ವರ್ಷ ಬಾಳ್ವೆ ಮಾಡಿದವಳಿಗೆ ವಾಸನೆ ಬೇಕಿಲ್ಲ, ಕಣ್ಣು ನೋಡಿದರೆ ಸಾಕು. ಮಗಳ ರಟ್ಟೆ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು. ನೀನು ಕುಡಿದು ಬಂದಾಗ ಎಳೆದುಕೊಳ್ಳುತ್ತಿದ್ದಳಲ್ಲ, ಹಾಗೆಯೇ.

"ಅಕ್ಕಾರ, ನೀವೂ?" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನೀರು ಕೊಟ್ಟಳು, ಕುಡಿದು ಬಂದೆ.

ನಾಳೆ ರೊಟ್ಟಿ ಪಂಚಮಿ. ಮನೆಗೆ ಹಿಟ್ಟು ಬೀಸಿಸಿ ತಂದಿಲ್ಲ. ಭರಣಿ ಬಚ್ಚಲಲ್ಲೇ ಇದೆ, ಇನ್ನೂ ಅರ್ಧ ಇದೆ. ಎರಡು ಸಲ ಹೋಗಿ ಬಗ್ಗಿಸಿದೆ, ಕೈ ತಾನೇ ನೆಟ್ಟಗೆ ಮಾಡಿತು. ನಿನಗೆ ಬಿಗಿ ಇಲ್ಲ ಅಂತ ಬರೆದಿದ್ದೆನಲ್ಲ, ಅದನ್ನು ಹೊಟ್ಟೆಗೆ ಹಾಕಿಕೊ. ಅಫ್ಜಲನಿಗೆ ಬಾ ಅಂತ ಹೇಳಿ ಕಳಿಸಿದ್ದೇನೆ. ಅವನು ಬಂದು ಚೆಲ್ಲಲಿ, ನಾನು ಹೊರಗೆ ಕಟ್ಟೆಯ ಮೇಲೆ ಕೂಡುತ್ತೇನೆ. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತೇನೆ.

ನಾ ಯಾವತ್ತೂ ನನಗಂತ ನಿನ್ನ ಏನೂ ಕೇಳಿಲ್ಲ ವೀರೂ. ಇವತ್ತ ಕೇಳ್ತೇನಿ, ನಗಬ್ಯಾಡ. ನೀ ಇದ್ದೀಯಲ್ಲ, ಅಲ್ಲಿ ಹೆಣ್ಮಕ್ಕಳನ್ನೂ ಇಟಗೋತಾರೇನು? ಡಾಕ್ಟರ್‌ನ ಕೇಳಿ ಬರಿ.

ನಿನ್ನ ಅಕ್ಕ